ಟೈಲರಮ್ಮನ ಟೇಪು

ಬೀದಿಯವರಿಗೆಲ್ಲ ಅವಳು ಟೈಲರಮ್ಮ. ಒಬ್ಬರ ಸೊಂಟದ ಅಳತೆ ಇನ್ನೊಬ್ಬರ ಕಿವಿಗೆ ಬೀಳಲು ಬಿಟ್ಟವಳಲ್ಲ. ಚೀಟಿಯಲ್ಲಿ ಬರೆದು ಮಡಚಿಟ್ಟರೆ ಮುಗಿಯಿತು. ಒಳ್ಳೆಯ ಗುಣವೇ. ಆದರೆ ಹೆತ್ತ ಮಗಳನ್ನೂ ಗಿರಾಕಿಯಂತೆ ನೋಡಿಕೊಂಡಳಲ್ಲ, ಅದಕ್ಕೇನು ಹೇಳೋಣ!

ಮಗಳು ಚಿಕ್ಕಂದಿನಿಂದ ದಪ್ಪಗಾಗುತ್ತಲೇ ಹೋದಳು. ಸಮವಸ್ತ್ರ ಬಿಗಿಯಾದಾಗಲೆಲ್ಲ ಟೈಲರಮ್ಮ ಅವಳು ಸ್ನಾನಕ್ಕೆ ಹೋದ ಹೊತ್ತು ನೋಡಿ, ಪಕ್ಕದ ಹೊಲಿಗೆ ಬಿಚ್ಚಿ ಅರ್ಧ ಇಂಚು ಸಡಿಲಿಸುತ್ತಿದ್ದಳು. ಮಗುವಿನ ಮನಸ್ಸು ನೋಯಬಾರದಲ್ಲ. ಒಳಗೆ ಬಿಟ್ಟಿದ್ದ ಬಟ್ಟೆ ಮುಗಿದಾಗ ಅದೇ ಬಣ್ಣದ ಪಟ್ಟಿ ಸೇರಿಸಿದಳು. ಹದಿನೈದು ತುಂಬುವಷ್ಟರಲ್ಲಿ ಹುಡುಗಿ ನೂರ ಮೂವತ್ತೆರಡು ಕಿಲೋ. ಸಕ್ಕರೆ ಕಾಯಿಲೆ ಬಂತು, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರತೊಡಗಿತು. ಪಥ್ಯ ಮಾಡಿದ್ದಾಯಿತು, ಮಾತ್ರೆ ನುಂಗಿದ್ದಾಯಿತು. ಕೊನೆಗೆ ಡಾಕ್ಟರು, ಇನ್ನು ಆಪರೇಷನ್ ಮಾಡಿ ಜಠರವನ್ನೇ ಚಿಕ್ಕದು ಮಾಡಬೇಕು ಎಂದರು. ಬಾಯಿ ಕಟ್ಟಿದ್ದರೆ ಸಾಕಿತ್ತು ಎಂದು ಮೂಗು ಮುರಿದವರಿಗೇನು ಕಡಿಮೆಯಿರಲಿಲ್ಲ. ಇದು ಕಾಯಿಲೆ, ಹುಡುಗಿಯ ತಪ್ಪಲ್ಲ ಎಂದವರು ಡಾಕ್ಟರೊಬ್ಬರೇ.

ಆಪರೇಷನ್ ಸಲೀಸಾಗಿ ಆಯಿತು. ದಿನಾ ವಿಟಮಿನ್ ಮಾತ್ರೆ ತಪ್ಪಿಸಬೇಡಿ, ತಿಂಗಳಿಗೊಮ್ಮೆ ತೋರಿಸಿ, ಎರಡು ದಿನ ವಾಂತಿ ನಿಲ್ಲದಿದ್ದರೆ ಓಡಿ ಬನ್ನಿ ಎಂದು ನರ್ಸು ಹೇಳಿ ಕಳಿಸಿದಳು.

ಟೇಪಿನ ಅಳತೆ ಇಳಿಯತೊಡಗಿತು ನೋಡಿ, ಟೈಲರಮ್ಮನ ಸಂತೋಷ ಹೇಳತೀರದು. ಈಗಲೂ ಮಗಳು ನಿದ್ದೆಹೋದ ಮೇಲೆ ಅಳೆದು, ಸದ್ದಿಲ್ಲದೆ ಹೊಲಿಗೆ ಬಿಗಿ ಮಾಡುತ್ತಿದ್ದಳು. ಹೇಳಿದ ಮೇಲೆ ತೂಕ ಮರಳಿ ಬಂದರೆ ಮಗಳು ಕುಸಿದುಹೋಗುತ್ತಾಳೆಂಬ ಭಯ. ಹೀಗಾಗಿ ಹುಡುಗಿಗೆ ತನ್ನ ಬಟ್ಟೆ ಎಂದೂ ಸಡಿಲ ಎನ್ನಿಸಲೇ ಇಲ್ಲ. ಮೂರನೇ ತಿಂಗಳು ವಾಂತಿ ಶುರುವಾಯಿತು. ಚಿಕ್ಕ ಹೊಟ್ಟೆ, ಹೀಗೇ ಇರಬೇಕು ಎಂದುಕೊಂಡಳು ತಾಯಿ. ಮಾತ್ರೆಯೂ ಹೊರಗೇ ಬರುತ್ತಿತ್ತು. ಟೇಪೇ ಎಲ್ಲ ಹೇಳುತ್ತಿರುವಾಗ ಆಸ್ಪತ್ರೆಗೇಕೆ ಅಲೆಯುವುದು ಎಂದು ಎರಡು ಸಲ ತಪ್ಪಿಸಿದಳು. ವಾರಕ್ಕೆ ಎರಡಿಂಚು ಇಳಿದರೂ ಅವಳಿಗೆ ಗಾಬರಿಯಾಗಲಿಲ್ಲ. ಅಯ್ಯೋ, ಆ ಕೈಯಿಂದ ಟೇಪು ಯಾರಾದರೂ ಕಿತ್ತುಕೊಳ್ಳಬಾರದಿತ್ತೇ!

ಒಂದು ಬೆಳಿಗ್ಗೆ ಹುಡುಗಿ ಶಾಲೆಯ ಮೆಟ್ಟಿಲಲ್ಲಿ ಬಿದ್ದಳು. ಎಬ್ಬಿಸಿದರೆ ಕಾಲು ನಿಲ್ಲಲೊಲ್ಲವು. ಪಾದ ಚಿವುಟಿದರೂ ಗೊತ್ತಾಗುತ್ತಿಲ್ಲ. ವಾಂತಿಯಿಂದ ಮೈಯಲ್ಲಿ ಒಂದು ವಿಟಮಿನ್ ಪೂರ್ತಿ ಬರಿದಾಗಿ ನರಗಳು ಸೊರಗಿವೆ ಎಂದರು ಡಾಕ್ಟರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ನಡೀತಾಳಾ?" ಎಂದಳು ಟೈಲರಮ್ಮ.

"ಇಂಜೆಕ್ಷನ್ ಶುರು ಮಾಡಿದ್ದೀವಮ್ಮ. ಎಷ್ಟು ವಾಪಸ್ ಬರುತ್ತೋ ಈಗ ಹೇಳಕ್ಕಾಗಲ್ಲ. ವಾಂತಿ ಶುರುವಾದಾಗ್ಲೇ ಬಂದಿದ್ರೆ ಇಷ್ಟಾಗ್ತಿರ್ಲಿಲ್ಲ."

ಅವಳು ವಾರ್ಡಿಗೆ ಬಂದಾಗ ಮಗಳು ಕಳಚಿಟ್ಟ ಸಮವಸ್ತ್ರವನ್ನು ಒಳಮೈ ಮೇಲಾಗಿ ತಿರುಗಿಸಿ ಹಿಡಿದಿದ್ದಳು. ಪಕ್ಕದಲ್ಲಿ ಸೇರಿಸಿದ ಪಟ್ಟಿ, ಬಿಚ್ಚಿದ ಸೂಜಿಯ ತೂತುಗಳು, ಅವುಗಳಿಗಿಂತ ಒಳಗೆ ಸಾಲು ಸಾಲಾಗಿ ಹೊಸ ಹೊಲಿಗೆ. ಮಗಳು ಆ ಸಾಲುಗಳನ್ನು ಬೆರಳಿನಿಂದ ಎಣಿಸುತ್ತಿದ್ದಳು.

"ಯಾಕಮ್ಮ ನಂಗೆ ಹೇಳಲಿಲ್ಲ?"

ಮಗಳು ಹೊದಿಕೆ ಸರಿಸಿದಳು.

"ಕಾಲು ಅಳೀ. ಬಾಯಿಬಿಟ್ಟು ಹೇಳು."

ಟೈಲರಮ್ಮ ಕೊರಳಲ್ಲಿದ್ದ ಟೇಪನ್ನು ಮೀನಖಂಡಕ್ಕೆ ಸುತ್ತಿದಳು. ಟೇಪು ಮುಟ್ಟಿದ್ದು ಮಗಳಿಗೆ ತಿಳಿಯಲೇ ಇಲ್ಲ.

"ಹದಿಮೂರು," ಎಂದಳು. ಇನ್ನೊಂದು ಕಾಲಿಗೆ ಸುತ್ತಿ, "ಹನ್ನೆರಡೂವರೆ."

"ನಾಳೆ ಇನ್ನೂ ಕಮ್ಮಿಯಾದ್ರೂ ಹೇಳ್ಬೇಕು," ಎಂದಳು ಮಗಳು.