ಹಾರಿಹೋದ ಕಾಳು, ತಪ್ಪಿದ ಸ್ವರ

ಪುಟ್ಟೇನಹಳ್ಳಿಯ ನಮ್ಮ ಮನೆಯಲ್ಲಿ ಸಂಕ್ರಾಂತಿಯವರೆಗೂ ಸೊಗಡು ಅವರೆಕಾಯಿಯ ವಾಸನೆ ತುಂಬಿರುತ್ತಿದ್ದ ಆ ದಿನಗಳ ಒಂದು ಸಂಗತಿಯನ್ನು ಓದುಗರ ಅವಗಾಹನೆಗೆ ವಿನಯಪೂರ್ವಕವಾಗಿ ತರಬಯಸುತ್ತೇನೆ.

ಆಗ ನನಗೆ ಹದಿಮೂರು ವರ್ಷ. ಜಯನಗರದ ಮಿಸ್ ಬಳಿ ಪಿಯಾನೊ ಕಲಿಯುತ್ತಿದ್ದೆ. ರೊಮ್ಯಾಂಟಿಕ್ ಕಾಲದ ಒಂದು ದೊಡ್ಡ ಕನ್ಸರ್ಟೊವನ್ನು, ಅಂದರೆ ಇಡೀ ವಾದ್ಯವೃಂದದ ಜೊತೆ ಪಿಯಾನೊ ನುಡಿಸುವ ದೀರ್ಘ ಕೃತಿಯನ್ನು, ಕಲಿಸಬೇಕೆಂದು ಅವರನ್ನು ಕೋರಿದ್ದೆ. ನಾನು ಸಿದ್ಧಳೆಂಬ ಬಗ್ಗೆ ನನಗೆ ಯಾವ ಸಂಶಯವೂ ಇರಲಿಲ್ಲ.

ಮಿಸ್ ಮೊದಲು ಅದೇ ಬಗೆಯ ಒಂದು ಚಿಕ್ಕ ಕೃತಿ ಕೊಟ್ಟು, ವಾದ್ಯವೃಂದದ ಭಾಗವನ್ನು ಎರಡನೆಯ ಪಿಯಾನೊದಲ್ಲಿ ತಾವೇ ನುಡಿಸಲು ಕುಳಿತರು.

"ತಪ್ಪಾದ್ರೆ ಏನ್ ಮಾಡ್ತೀಯ?"

"ತಪ್ಪೋದೇ ಇಲ್ಲ ಮಿಸ್."

ಎಡಗೈ ದೂರಕ್ಕೆ ಜಿಗಿಯಬೇಕಾದಲ್ಲಿ ತಪ್ಪಿತು. ನಿಂತೆ, ಹಿಂದೆ ಹೋಗಿ ಸರಿಪಡಿಸಿದೆ. ಅಷ್ಟರಲ್ಲಿ ಮಿಸ್ ಬಹಳ ಮುಂದೆ ಹೋಗಿದ್ದರು. ಕೊನೆಯವರೆಗೂ ಒಬ್ಬರೇ ನುಡಿಸಿ ಮುಗಿಸಿದರು.

"ಬೆರಳು ರೆಡಿ ಇದೆ, ನೀನು ರೆಡಿ ಇಲ್ಲ. ಅಷ್ಟು ಜನ ನಿನಗೋಸ್ಕರ ಕಾಯಲ್ಲ ಕಣೆ. ಮುಂದಿನ ವಾರ ಇನ್ನೊಂದ್ಸಲ ನೋಡೋಣ. ಆಗ್ಲೂ ಹೀಗೇ ಆದ್ರೆ ಕನ್ಸರ್ಟೊ ಮುಂದಿನ ವರ್ಷ."

ಆ ಭಾನುವಾರ ಮನೆಯಲ್ಲಿ ಹಿತಕಿದ ಬೇಳೆಯ ಕೆಲಸ. ನೆನೆಸಿದ ಅವರೆಕಾಳನ್ನು ಸಿಪ್ಪೆಯಿಂದ ಹಿತುಕಿ ತೆಗೆಯುವಾಗ ನನ್ನದೊಂದು ಪಿಚಕ್ಕನೆ ಹಾರಿ ಸೋಫಾ ಕೆಳಗೆ ಸೇರಿತು. ಎದ್ದೆ.

"ಏಯ್ ಪಿಯಾನೊ ರಾಣಿ, ಎಲ್ಗೆ?" ಎಂದರು ಅಜ್ಜಿ.

"ಕಾಳು ಬಿತ್ತಜ್ಜಿ."

"ಬಿದ್ರೆ ಬೀಳ್ಲಿ. ಹಾರಿದ್ದರ ಹಿಂದೆ ಓಡ್ತಾ ಇದ್ರೆ ಸಾರು ನಾಳೆಗೇ ಸೈ. ಆಮೇಲೆ ಹುಡುಕುವಂತೆ, ಕೈ ಆಡ್ಸು."

ನಮ್ಮ ಮನೆಯ ಹಳೆಯ ನಿಯಮವದು. ಕುಳಿತೆ, ಕೈ ಆಡಿಸಿದೆ.

ಮುಂದಿನ ವಾರವೂ ಎಡಗೈ ಅಲ್ಲಿಯೇ ತಪ್ಪಿತು. ಅದನ್ನು ಬಿಟ್ಟು ಮುಂದೆ ಹೋದೆ. ಎರಡು ಸ್ವರ ಹೋದವು, ಮೂರನೆಯದಕ್ಕೆ ಮಿಸ್ ಜೊತೆ ಸೇರಿಕೊಂಡೆ. ಕೊನೆಯ ಸ್ವರವನ್ನು ಇಬ್ಬರೂ ಒಟ್ಟಿಗೇ ಮುಗಿಸಿದೆವು.

"ನಡುವೆ ಎರಡು ಸ್ವರ ಎಲ್ಲಿ ಹೋಯ್ತು?"

"ಸೋಫಾ ಕೆಳಗೆ ಹೋಯ್ತು ಮಿಸ್, ಆಮೇಲೆ ಹುಡುಕ್ತೀನಿ."

ಮಿಸ್‌ಗೆ ಏನೂ ಅರ್ಥವಾಗಲಿಲ್ಲ. ಪಿಯಾನೊದ ಕೀಗಳತ್ತ ಬಾಗಿ ಮೂಗು ಸಿಂಡರಿಸಿದರು. "ಅಯ್ಯೋ, ಬರೀ ಅವರೆಕಾಯಿ ವಾಸನೆ! ಹೋಗಿ ಕೈ ತೊಳ್ಕೊಂಡ್ ಬಾ. ಕನ್ಸರ್ಟೊ ಮೊದಲನೇ ಪುಟ ತೆಗೀತೀನಿ."

ಆ ಕನ್ಸರ್ಟೊವನ್ನು ಇಂದಿಗೂ ಚೆನ್ನಾಗಿಯೇ ನುಡಿಸುತ್ತೇನೆಂದು ತಿಳಿಸಲು ಹರ್ಷಿಸುತ್ತೇನೆ. ಅಜ್ಜಿ ಈಗಿಲ್ಲ, ಹಿತಕಿದ ಬೇಳೆ ಪ್ಯಾಕೆಟ್‌ನಲ್ಲಿ ಬರುತ್ತದೆ. ಮಿಸ್ ಊರು ಬಿಟ್ಟಿದ್ದಾರೆ. ವಾದ್ಯವೃಂದದ ಭಾಗವನ್ನು ಫೋನಿನ ಆ್ಯಪ್ ನುಡಿಸುತ್ತದೆ. ನಾನು ತಪ್ಪಿದ ಕೂಡಲೇ ಅದು ಬಹಳ ಸೌಜನ್ಯದಿಂದ ನಿಂತು ಕಾಯುತ್ತದೆ. ನನ್ನನ್ನು ಬಿಟ್ಟು ಮುಂದೆ ಹೋಗುವವರು ಈಗ ಯಾರೂ ಇಲ್ಲ.