ತುಂಬಿದ ಲೋಟ

ಪರದೇಶದ ಊರು ಟ್ರುಗನಿನಾದಲ್ಲಿ ಮನೆ ಕಟ್ಟಿ ಮುಗಿಯುವವರೆಗೆ ನಾವು ಗಂಡ ಹೆಂಡತಿ ಚಕ್ರದ ಮೇಲಿನ ಮನೆಯಂಥ ಟ್ರೈಲರ್‌ನಲ್ಲಿದ್ದೆವು. ಹೆಜ್ಜೆ ಇಟ್ಟರೆ ಅದು ಓಲಾಡುತ್ತಿತ್ತು. ಲಕ್ವ ಹೊಡೆದಿದ್ದ ಯಜಮಾನರು ಬೀಳುವ ಭಯಕ್ಕೆ ಹಾಸಿಗೆ ಬಿಟ್ಟು ಏಳುತ್ತಲೇ ಇರಲಿಲ್ಲ.

ರಿಪೇರಿಗೆ ಬಂದವನು ಹಾವೇರಿ ಕಡೆಯವನು. ಟ್ರೈಲರ್ ಮೂಲೆಯ ಕಬ್ಬಿಣದ ಕಾಲುಗಳನ್ನು ನಾನೇ ತಿರುಗಿಸಿ ಅದನ್ನು ಎತ್ತಿಟ್ಟಿದ್ದೆ.

"ಆಂಟಿ, ಇವು ಎತ್ತೋ ಜಾಕ್ ಅಲ್ರೀ, ಅಲುಗದಂಗ ಹಿಡಿಯೋ ಕಾಲು. ಮೊದ್ಲ ನೆಲ ನೋಡ್ರಿ." ಎಲ್ಲಿ ಹೋದರೂ ಅವನದು ಇದೇ ಮಾತಂತೆ.

"ಪಾಠ ಸಾಕು, ಕೆಲಸ ಮಾಡಪ್ಪ."

ಕಾಲುಗಳನ್ನು ಮೇಲೆತ್ತಿ, ಚಕ್ರದಡಿ ಹಲಗೆ ಕೊಟ್ಟು ಟ್ರೈಲರ್ ಮಟ್ಟ ಮಾಡಿದ. ಚಕ್ರಗಳ ನಡುವೆ ಬೆಣೆ ಬಿಗಿದ. ಕಾಲುಗಳನ್ನು ನೆಲಕ್ಕೆ ಒತ್ತುವಷ್ಟೇ ಇಳಿಸಿದ. ಆಮೇಲೆ ಲೋಟದ ತುಂಬ ನೀರು ಕೇಳಿ ಒಳಗೆ ನೆಲದ ಮೇಲಿಟ್ಟ.

"ಅಂಕಲ್, ಈಗ ನಡೀರಿ."

ಯಜಮಾನರು ಗೋಡೆ ಹಿಡಿದು ಬಾಗಿಲವರೆಗೆ ಬಂದರು. ನಾನು ಅವರ ಕಾಲು ನೋಡುತ್ತಿದ್ದೆ. ಅವನು ಲೋಟದಿಂದ ಕಣ್ಣೆತ್ತಲಿಲ್ಲ. ಹನಿಯೂ ಚೆಲ್ಲಲಿಲ್ಲ.

ಅವನು ಲೋಟ ಎತ್ತಲು ಬಗ್ಗಿದ.

"ಅಲ್ಲೇ ಇರ್ಲಿ," ಎಂದರು ಯಜಮಾನರು, "ಇನ್ನೊಂದ್ಸಲ ನಡೀತೀನಿ."