ಸದ್ದಿಲ್ಲದೆ ಹಾರ್ನ್ ರಿಪೇರಿ ಮಾಡುವ ಬಾಳೇಶ

"ಇನ್ನೊಂಚೂರು ಎಡಕ್ಕ ತಿರುಗಿಸ್ರಿ ಅಮ್ಮಾರ... ಸಾಕ್, ಸಾಕ್. ಹಂಗ ಹಿಡೀರಿ."

ಬಾಳೇಶ ಅವರ ತಲೆ ಹಳೆಯ ಪದ್ಮಿನಿ ಕಾರಿನ ಸ್ಟಿಯರಿಂಗ್ ಕೆಳಗಿದೆ, ಕಾಲುಗಳು ಆಚೆ ಬದಿಯ ಬಾಗಿಲಿನಿಂದ ಮಾರೇನಹಳ್ಳಿಯ ರಸ್ತೆಗೆ ಚಾಚಿವೆ. ಮುಂದಿನ ಚಕ್ರಗಳು ಜಾಕಿಯ ಮೇಲೆ. ಕಿಟಕಿಯೊಳಗೆ ಕೈ ತೂರಿಸಿ ಸ್ಟಿಯರಿಂಗ್ ಹಿಡಿದಿರುವವರು ಕಾರಿನ ಒಡತಿ ಕೋಕಿಲಾ, ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಬಾಳೇಶ ಎದೆಯ ಮೇಲಿಟ್ಟುಕೊಂಡ ಪುಟ್ಟ ಬಲ್ಬು ಫಕ್ಕನೆ ಹೊತ್ತಿಕೊಳ್ಳುತ್ತದೆ. ಹಾರ್ನ್ ಯಾರೂ ಒತ್ತಿಲ್ಲ.

ಹಾರ್ನ್ ರಿಪೇರಿಗೆ ಬಂದ ಗಾಡಿಯ ಹಾರ್ನನ್ನೇ ಮೊದಲು ಬಿಚ್ಚಿ, ಅದರ ತಂತಿಗೆ ಬಲ್ಬು ಜೋಡಿಸುವುದು ಆಟೋ ಎಲೆಕ್ಟ್ರಿಷಿಯನ್ ಬಾಳೇಶರ ಪದ್ಧತಿ. ಬಲ್ಬು ಹೊತ್ತಿದರೆ ಹಾರ್ನ್ ಕೂಗಿದ ಲೆಕ್ಕ. ಬೆಳಗ್ಗೆ ಹಾಲಿನ ಗಾಡಿಯ ಹಿಂದೆಯೇ ಶೆಡ್ ತೆರೆದರೂ ಬೀದಿಯವರು ಒಂದು ದಿನವೂ ಜಗಳಕ್ಕೆ ಬಂದಿಲ್ಲ.

"ಬಾಜೂ ಮನ್ಯಾಗ ನೈಟ್ ಡ್ಯೂಟಿ ಮುಗಿಸಿ ಬಂದ ಹುಡುಗ್ರು ಮಕ್ಕೊಂಡಿರ್ತಾರ್ರಿ. ಅವರ ನಿದ್ದಿ ಕೆಡಿಸಿ ನಾ ಏನ್ ರಿಪೇರಿ ಮಾಡ್ದಂಗಾತು?" ಎಂದು ಕೇಳುತ್ತಾರೆ.

ಬಾಳೇಶ ಮುಧೋಳದ ಕಡೆಯವರು. ಮೀಸೆ ಚಿಗುರುವ ಮೊದಲೇ ಬೆಂಗಳೂರಿಗೆ ಬಂದು, ಲಾರಿಗಳ ಅಡಿಯಲ್ಲಿ ಮಲಗಿ ವೈರಿಂಗ್ ಕಲಿತರು. ಬ್ಯಾಟರಿಯ ಆಸಿಡ್ ಬಲಗೈ ಬೆರಳ ತುದಿಗಳನ್ನು ಸುಟ್ಟಿದೆ. ಅಲ್ಲಿ ಈಗ ಬಿಸಿಯೂ ತಿಳಿಯದು, ತಂಪೂ ತಿಳಿಯದು. ಹಾಗಾಗಿ ಸ್ಕ್ರೂ ತಿರುಗಿಸುವುದು ಬಲಗೈ, ತಂತಿಯನ್ನು ಮುಟ್ಟಿ ವಿಚಾರಿಸುವುದು ಎಡಗೈ. ಕಿವಿಗಂತೂ ಏನೂ ಆಗಿಲ್ಲ. "ಮನ್ಯಾಗ ಹತ್ತ್ ಸಲ ಕರದ್ರೂ ಕೇಳಂಗಿಲ್ಲ, ಹಾರ್ನಿನಾಗಿನ ಸಣ್ಣ ಕರಕರ ಮಾತ್ರ ಕೇಳತೈತಿ ಇವರಿಗೆ!" ಎಂದು ಹೆಂಡತಿ ಹನುಮವ್ವ ಬುತ್ತಿ ಕೊಡುತ್ತಲೇ ಚುಚ್ಚುತ್ತಾರೆ.

ಅವರ ತಗಡಿನ ಶೆಡ್ ನಿಂತಿರುವುದು ಬೈರಯ್ಯ ಎಂಬುವವರ ಖಾಲಿ ಸೈಟಿನಲ್ಲಿ. ಅಲ್ಲಿ ಮನೆ ಏಳಲಿದೆ. ದೀಪಾವಳಿಯೊಳಗೆ ಜಾಗ ಬಿಡಬೇಕು. "ಇಷ್ಟ್ ವರ್ಷ ನೆಳ್ಳು ಕೊಟ್ಟಾರ. ಅವರ ಮ್ಯಾಲ ಸಿಟ್ಟ್ಯಾಕ್ರಿ?" ಎನ್ನುವ ಬಾಳೇಶ, ಸಂಜೆಗಳಲ್ಲಿ ಆಚೀಚೆ ಬೀದಿಗಳನ್ನು ಸುತ್ತಿ ಬೇರೆ ಜಾಗ ಹುಡುಕುತ್ತಿದ್ದಾರೆ. ಅಂಗಡಿಗಳು ಖಾಲಿ ಇಲ್ಲವೆಂದಲ್ಲ. ಬಾಗಿಲ ಮುಂದೆ ಆಟೋ ನಿಲ್ಲಿಸಬಾರದು ಎನ್ನುವುದು ಎಲ್ಲ ಮಾಲೀಕರ ಮೊದಲ ಮಾತು. ಬಾಳೇಶರ ಗಿರಾಕಿಗಳೋ ಮುಕ್ಕಾಲು ಪಾಲು ಆಟೋದವರು, ಡೆಲಿವರಿ ಹುಡುಗರು. ದಿನದ ದುಡಿಮೆಗೆ ಇಳಿಯುವ ಮುನ್ನ ಇಲ್ಲಿ ನಿಂತು ಹೋಗುವವರು.

ಇವತ್ತು ಆ ಸಾಲಿನ ಮುಂದೆ ಪದ್ಮಿನಿ ಬಂದು ನಿಂತಿದೆ. ಸ್ಟಿಯರಿಂಗ್ ಚಕ್ರ ಬಿರುಕು ಬಿಟ್ಟಿತ್ತು. ಕೆಂಗೇರಿಯಲ್ಲಿ ಹಳೆಯ ಕಾರುಗಳ ವರ್ಕ್‌ಶಾಪ್ ನಡೆಸುವ ಕೋಕಿಲಾರ ಮಗ ಕಶ್ಯಪ್, ಅದನ್ನು ಕಳಚಿ, ಬಿರುಕು ತುಂಬಿ, ಪಾಲಿಶ್ ಮಾಡಿ ಮತ್ತೆ ಕೂರಿಸಿದ್ದ. ತೊಂದರೆ ಶುರುವಾದದ್ದು ಆಮೇಲೆ. ವೈರಿಂಗ್ ಮಾತ್ರ ಅವನ ಕೈಗೆ ಹತ್ತದ ಕೆಲಸ.

"ಎಡಕ್ಕೆ ತಿರುಗಿದ್ರೆ ಕಿರುಚುತ್ತೆ ಕಣ್ರೀ ಇದು," ಎನ್ನುತ್ತಾರೆ ಕೋಕಿಲಾ. "ಬಸವೇಶ್ವರನಗರದಿಂದ ಆದಷ್ಟೂ ಬಲಕ್ಕೇ ತಿರುಗಿಸ್ಕೊಂಡು ಬಂದಿದೀನಿ."

"ಹತ್ತು ನಿಮಿಷದ ದಾರಿ. ಅಮ್ಮ ಇಡೀ ವಿಜಯನಗರಕ್ಕೆ ಪ್ರದಕ್ಷಿಣೆ ಹಾಕಿಸಿದ್ರು," ಎಂದು ಕಶ್ಯಪ್ ನಗುತ್ತಾನೆ.

ಬಾಳೇಶ ಎದ್ದು ಕೂತು ಹಾರ್ನ್ ಗುಂಡಿ ಬಿಚ್ಚುತ್ತಾರೆ. ಒಳಗಿನ ಸ್ಪ್ರಿಂಗ್ ಸೊಟ್ಟಗಾಗಿದೆ. ಅದನ್ನು ನೆಟ್ಟಗೆ ಮಾಡಿ, ಗುಂಡಿ ಕೂರಿಸಿ, ಎಡಕ್ಕೆ ತಿರುಗಿಸಲು ಹೇಳುತ್ತಾರೆ. ಬಲ್ಬು ಮತ್ತೆ ಹೊತ್ತುತ್ತದೆ.

"ನಾನೂ ಸ್ಪ್ರಿಂಗಂತ ತಿಳದಿದ್ದೆ. ಅಲ್ಲ." ಮತ್ತೆ ಬಿಚ್ಚುತ್ತಾರೆ. ಟಾರ್ಚ್ ಬಾಯಲ್ಲಿ ಕಚ್ಚಿ, ಎಡಗೈ ಬೆರಳನ್ನು ಸಂದಿಯ ಸುತ್ತ ನಿಧಾನ ಆಡಿಸುತ್ತಾರೆ. ಬೆರಳು ಒಂದೆಡೆ ನಿಲ್ಲುತ್ತದೆ. ಚಿಮಟ ಹಾಕಿ ಎಳೆದರೆ ಕೂದಲಿನಷ್ಟು ತೆಳ್ಳಗಿನ, ಹೊಳೆಯುವ ತಂತಿಯೊಂದು ಹೊರಬರುತ್ತದೆ.

ಕೋಕಿಲಾ ಬಗ್ಗಿ ನೋಡುತ್ತಾರೆ. "ಅಯ್ಯೋ ರಾಮ! ಇದು ನಮ್ಮ ಹಾರದ ಜರಿ!"

ಹೊಸದಾಗಿ ಮಿನುಗುತ್ತಿದ್ದ ಸ್ಟಿಯರಿಂಗಿಗೆ ಶುಕ್ರವಾರ ಪೂಜೆ ಆಗಿತ್ತು. ಗುಂಡಿಗೆ ಕುಂಕುಮ, ಚಕ್ರಕ್ಕೆ ಹಾರ. ಹಾರ ಎಳೆದು ತೆಗೆಯುವಾಗ ಅದರ ಜರಿಯ ಎಳೆ ಕಿತ್ತು, ಗುಂಡಿಯ ಸಂದಿಗೆ ಇಳಿದಿತ್ತು. ಎಡಕ್ಕೆ ತಿರುಗಿದಾಗಲೆಲ್ಲ, ಗುಂಡಿ ಒತ್ತಿದಂತೆಯೇ, ಒಳಗಿನ ಎರಡು ತಗಡುಗಳನ್ನು ತಾನೇ ಸೇರಿಸುತ್ತಿತ್ತು.

"ಹೂವಿನವಳಿಗೆ ಜರಿ ಜಾಸ್ತಿ ಇರೋದೇ ಕೊಡಮ್ಮ ಅಂದಿದ್ದೆ, ಸ್ವಲ್ಪ ಗ್ರ್ಯಾಂಡಾಗಿರ್ಲಿ ಅಂತ."

"ಆಯುಧಪೂಜೆ ಆದ ವಾರಪೂರ್ತಿ ನನಗ ಇದ ಕೆಲಸರಿ ಅಮ್ಮಾರ," ಎಂದು ಬಾಳೇಶ ಗಟ್ಟಿಯಾಗಿ ನಗುತ್ತಾರೆ. "ಲಿಂಬಿಹಣ್ಣು ಪಾಪ, ಗಾಲಿ ಕೆಳಗ ಸತ್ತು ಹೋಗತೈತಿ. ಈ ಜರಿ ಹಂಗಲ್ಲ, ಒಳಗ ಕುಂತು ಕಾಡತೈತಿ."

ಈಗ ಒತ್ತಿದರೆ ಮಾತ್ರ ಬಲ್ಬು ಹೊತ್ತುತ್ತದೆ. ಹಾರ್ನ್ ತಂತಿ ಜೋಡಿಸಿ, ಕೂಗಿಸಿ ನೋಡುವುದಿದ್ದರೆ ಮಾಗಡಿ ರಸ್ತೆಗೆ ಹೋದ ಮೇಲೆ ನೋಡಿ ಎನ್ನುತ್ತಾರೆ.

"ಅಣ್ಣಾ, ಆಯ್ತಾ? ಇನ್ನೂ ಬೋಣಿ ಆಗಿಲ್ಲ ಗುರು!" ಸಾಲಿನಲ್ಲಿರುವ ಆಟೋ ಚಾಲಕ ವಿಠ್ಠಲ ಕೂಗುತ್ತಾನೆ.

"ಬಂದೆ ಮಾರಾಯ."

ಕಶ್ಯಪ್ ಅವರನ್ನು ತಡೆಯುತ್ತಾನೆ. ಶೆಡ್ಡಿನ ಸಂಗತಿ ಅವನಿಗೂ ಗೊತ್ತು. "ಬಾಳೇಶಣ್ಣ, ನಮ್ಮ ವರ್ಕ್‌ಶಾಪಿಗೇ ಬಂದ್ಬಿಡಿ. ಒಂದು ಸೈಡ್ ಪೂರ್ತಿ ನಿಮ್ಗೇ ಬಿಟ್ಕೊಡ್ತೀನಿ. ತಿಂಗಳ ಸಂಬಳ. ಹಿಂದ್ಗಡೆ ಮನೇನೂ ಇದೆ, ಅಕ್ಕನ್ನೂ ಕರ್ಕೊಂಡು ಬನ್ನಿ."

ಬಾಳೇಶ ಕೈ ಒರೆಸಿಕೊಳ್ಳುತ್ತಾರೆ. ಆ ವರ್ಕ್‌ಶಾಪನ್ನು ಒಮ್ಮೆ ನೋಡಿದ್ದಾರೆ. ಸೋರದ ಸೂರು, ನೀರಿನ ನಲ್ಲಿ, ನಿಂತೇ ಕೆಲಸ ಮಾಡಬಹುದಾದ ಎತ್ತರದ ಮೇಜು. ಆ ಮೇಜಿನ ಮೇಲೆ ಅವತ್ತು ಸುಮ್ಮನೆ ಕೈ ಸವರಿ ಬಂದಿದ್ದರು.

"ಇವರೆಲ್ಲ ಅಲ್ಲಿಗೆ ಬರಬೌದೇನ್ರಿ?" ಎಂದು ಸಾಲಿನ ಕಡೆ ಗೋಣು ತಿರುಗಿಸುತ್ತಾರೆ.

ಕಶ್ಯಪ್ ತಲೆಯಾಡಿಸುತ್ತಾನೆ. "ಇಲ್ಲ ಅಣ್ಣ, ಸುಳ್ಳು ಹೇಳಲ್ಲ. ಅಲ್ಲಿ ಹಳೇ ಕಾರು ಮಾತ್ರ."

"ಈಗ್ಲೇ ಹೇಳ್ಬೇಕಂತ ಏನಿಲ್ಲ. ಮನೇಲಿ ಕೇಳಿ, ಯೋಚ್ನೆ ಮಾಡಿ," ಎನ್ನುತ್ತಾರೆ ಕೋಕಿಲಾ.

ಬಾಳೇಶ ಆಗಲೇ ವಿಠ್ಠಲನ ಆಟೋದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ.

"ಯೋಚನಿ ಮಾಡೂದೇನೈತ್ರಿ ಅಮ್ಮಾರ? ನಾ ಬರಂಗಿಲ್ಲ."